ಬೀಗತನಕ್ಕೆ ನಮೂನೆಯಿಲ್ಲ

ಕಟೂನಾ, ಉಗಾಂಡಾ
೨ ಏಪ್ರಿಲ್ ೨೦೨೨, ಶನಿವಾರ

ಎದುರು ಗುಡ್ಡದ ಬೀಗರು ಸೆಬಗಾಬೊ ಅವರಿಗೆ, ಎರಸ್ತೊ ಕರ್ಯೇಜನ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಮೊಣಕಾಲು ನೋವು, ಅದಕ್ಕೇ ಉತ್ತರ ತಡವಾಯಿತು ಎನ್ನಬಹುದಿತ್ತು, ಆದರೆ "ಬರೆಯೋದು ಕೈಯಲ್ಲಿ ತಾನೇ ಬೀಗರೇ?" ಅಂತ ನೀವು ಕೇಳದೆ ಬಿಡುವವರಲ್ಲ. ಕ್ಷಮಿಸಿ. ಇದನ್ನು ಪಕ್ಕದ ಮನೆಯ ಯೂನಿಯಾ ತಂದುಕೊಡುತ್ತಾಳೆ. ಗಡಿಯ ಗೇಟು ತೆರೆದಾಗಿನಿಂದ ಅವಳು ಆಲೂಗಡ್ಡೆ ಹೊತ್ತು ಮತ್ತೆ ನಿಮ್ಮ ರ‍್ವಾಂಡಾ ಕಡೆಗೆ ಓಡಾಡುತ್ತಿದ್ದಾಳೆ.

ನೀವು ಕಳಿಸಿದ ಬಾಳೆಹಣ್ಣಿನ ಹೆಂಡ ತಲುಪಿತು. ಕ್ಯಾನು ಮುಕ್ಕಾಲು ಮಾತ್ರ ತುಂಬಿತ್ತು. ದಾರಿಯಲ್ಲಿ ಚೆಲ್ಲಿತು ಅಂತ ಯೂನಿಯಾ ಹೇಳಿದಳು. ಹೇಳುವಾಗ ಹಾಡುತ್ತಲೂ ಇದ್ದಳು. ಇರಲಿ, ಮೂರು ವರ್ಷ ಅಳುತ್ತಿದ್ದವಳು. ಗೇಟು ಮುಚ್ಚಿದ್ದಾಗ ಅವಳ ಆಲೂಗಡ್ಡೆ ಅಂಗಳದಲ್ಲೇ ಕೊಳೆತು ನಾರುತ್ತಿತ್ತು, ಕೊಳ್ಳುವವರು ತೊರೆಯಾಚೆ ಕಣ್ಣಿಗೇ ಕಾಣುತ್ತಿದ್ದರು. ಈಗ ನಮ್ಮ ದೇಶಗಳ ಒಕ್ಕೂಟಕ್ಕೆ ಕಾಂಗೋದವರೂ ಸೇರುತ್ತಾರಂತೆ, ಏಳು ದೇಶವಾಗುತ್ತದಂತೆ ಅಂತ ರೇಡಿಯೋ ಸುದ್ದಿ ಹೇಳಿದರೆ, "ಇರೋ ಮನೆ ಬಾಗಿಲು ತೆಗೆಯೋಕೆ ಮೂರು ವರ್ಷ ಹಿಡೀತು, ಇನ್ನೊಂದು ಕೋಣೆ ಬೇರೆ ಕಟ್ತಾರಾ ಇವರು?" ಅಂದಳು.

ನಾನು ಹಳೆಯ ಒಕ್ಕೂಟದ ಅಂಚೆಯಲ್ಲಿ ಗುಮಾಸ್ತನಾಗಿದ್ದವನು, ನಿಮಗೆ ಗೊತ್ತು. ಎಪ್ಪತ್ತೇಳರಲ್ಲಿ ದೊಡ್ಡವರು ಜಗಳವಾಡಿ ಅದನ್ನು ಮುರಿದಾಗ ನನ್ನ ಕುರ್ಚಿಯೂ ಹೋಯಿತು, ಆದರೆ ಮುದ್ರೆಯ ಮೇಲಿನ ನಂಬಿಕೆ ಹೋಗಲಿಲ್ಲ. ಅಂಚೆ ತರಬೇತಿ ಕಾಲೇಜಿನಲ್ಲಿ ಬಾಯಿಪಾಠ ಮಾಡಿಸಿದ್ದರು: ಫ್ರೀ ಮೂವ್‌ಮೆಂಟ್ ಆಫ್ ಗೂಡ್ಸ್, ಪರ್ಸನ್ಸ್ ಅಂಡ್... ಮೂರನೆಯದು ಮರೆತಿದೆ. ನನ್ನ ಹೆಂಡತಿ ಎಸ್ತೇರಿ ಇದ್ದಿದ್ದರೆ "ಅಂಡ್ ಹಸುಗಳು" ಅನ್ನುತ್ತಿದ್ದಳು.

ಹಸು ಅಂದೆನಲ್ಲ, ಆ ಸುದ್ದಿಗೇ ಬಂದೆ. ಮದುವೆಯಲ್ಲಿ ನೀವು ಹೆಣ್ಣಿನ ತೆರ ಎಂದು ನಮಗೆ ಕೊಟ್ಟ ಹಸುವಿನ ಮೊದಲ ಹೆಣ್ಣುಕರು ಮಗಳ ಮನೆಗೆ ಹಿಂದಿರುಗಬೇಕು. ಅಲ್ಲಿಯವರೆಗೆ ಬೀಗತನ ಅರ್ಧವೇ. ಎರಡು ಸಲ ಗಂಡುಕರು ಹಾಕಿ ಸತಾಯಿಸಿತು. ಮೂರನೆಯದು ಹೆಣ್ಣಾಯಿತು, ಎಸ್ತೇರಿಯೇ ಬಿಹೋಗೊ ಅಂತ ಹೆಸರಿಟ್ಟಳು; ಅಷ್ಟರಲ್ಲಿ ಗೇಟು ಮುಚ್ಚಿಹೋಗಿತ್ತು. ಕರುವಾಗಿ ಬರಬೇಕಾದ್ದು ಈಗ ಕಡಸಾಗಿ ನನ್ನ ಬೇಲಿ ಮುರಿಯುತ್ತಿದೆ.

ಮೊನ್ನೆ ಗೇಟಿಗೆ ಹೋಗಿ ವಿಚಾರಿಸಿದೆ. ಕಿಟಕಿಯ ಹಿಂದಿನ ಹುಡುಗಿ, "ಮಾರೋಕಾ ತಾತ?" ಅಂದಳು.

"ಅಲ್ಲಮ್ಮ, ಬೀಗರಿಗೆ ಕೊಡೋಕೆ."

"ಹಾಗಾದ್ರೆ ಬೆಲೆ ಏನು ಬರೀಲಿ?"

"ಬೆಲೆ ಕಟ್ಟಿದ್ರೆ ನಮ್ಮ ಬೀಗರು ನನ್ನ ಮುಖ ನೋಡಲ್ಲ. ಇದು ಬೀಗತನ ಅಂತ ಬರಿ."

"ಬೀಗತನಕ್ಕೆ ನಮೂನೆ ಇಲ್ಲ ತಾತ."

ಹಿಂದೆ ನಿಂತಿದ್ದ ಲಾರಿಯವನು, "ರಾತ್ರಿ ತೊರೆಯಲ್ಲಿ ಇಳಿಸಿ ಅಜ್ಜಾ, ಕಡಸಿಗೆ ಓದು ಬರಲ್ಲ, ಬೋರ್ಡು ನೋಡಲ್ಲ" ಅಂದ. ಎಲ್ಲರೂ ನಕ್ಕರು, ಆ ಹುಡುಗಿಯೂ. ಕೊನೆಗೆ ದನದ ಡಾಕ್ಟರ ಚೀಟಿ ತಂದರೆ ಕಾಣಿಕೆ ಅಂತ ಬರೆದು ಗುರುವಾರ ಬಿಡುತ್ತೇನೆ ಅಂದಳು. ಅವಳ ಹೊಟ್ಟೆ ತಣ್ಣಗಿರಲಿ.

ಬೀಗರೇ, ಬಾಯಿಬಿಟ್ಟು ಹೇಳಿರದ ಒಂದು ಉಪಕಾರ ಇದೆ. ಎಸ್ತೇರಿಯನ್ನು ಮಣ್ಣು ಮಾಡಿದ ದಿನ ನೀವು ನಿಮ್ಮ ಗುಡ್ಡದ ಮೇಲೆ ಸಾವಿನ ಬೆಂಕಿ ಹಾಕಿ, ನಿಮ್ಮ ಮನೆಯವರನ್ನೆಲ್ಲ ಕೂರಿಸಿದಿರಿ. ಗುಂಡಿಯ ಪಕ್ಕ ನಿಂತು ನಾನು ಆ ಹೊಗೆ ನೋಡುತ್ತಿದ್ದೆ. ಅದರ ಬುಡದಲ್ಲಿ ಮಗಳ ಹಳದಿ ಬಟ್ಟೆ ಕಾಣುತ್ತಿತ್ತು. ನೀವು ಹಾಗೆ ಮಾಡಿರದಿದ್ದರೆ ನನ್ನ ಕೆಮಿಗಿಶಾ ತಾಯಿಗಾಗಿ ಎಲ್ಲಿ ಕೂತು ಅಳುತ್ತಿದ್ದಳು? ಸರ್ಕಾರಗಳು ಬೀಗ ಹಾಕಿದ ಮೂರು ವರ್ಷ ಅವಳಿಗೆ ತವರು ಆದವರು ನೀವು.

ನಿಮ್ಮ ಹಟ್ಟಿ ತುಂಬಿರಲಿ. ಬೀಗಿತ್ತಿಯವರ ಕಣ್ಣು ವಾಸಿಯಾಗಲಿ. ಮೊಮ್ಮಕ್ಕಳು ಎರಡೂ ಗುಡ್ಡದವರಾಗಿ ಬೆಳೆಯಲಿ.

ನಿಮ್ಮ ಋಣದಲ್ಲಿರುವ,
ಎರಸ್ತೊ ಕರ್ಯೇಜ

ಮರೆತಿದ್ದು: ಮರೆತದ್ದಲ್ಲ, ಇದನ್ನು ಬರೆಯಲಾರದೆಯೇ ಮೂರು ವಾರ ಕಳೆದದ್ದು. ಹೋದ ತಿಂಗಳು ಕೆಮಿಗಿಶಾ ಬಂದು ತಾಯಿಯ ಗೋರಿ ಗುಡಿಸಿ, ನನ್ನ ಪಕ್ಕ ಕೂತು ಅಂದಳು: "ಅಮ್ಮ ಸಾಯೋ ಮುಂಚೆ ನನ್ನ ಕೇಳ್ತಿದ್ದಾಗ ಮಾವ ಬರೋಕೆ ಬಿಡಲಿಲ್ಲ ಅಪ್ಪಾ. ಎರಡು ವರ್ಷದಿಂದ ಅವರಿಗೆ ಊಟ ಬಡಿಸ್ತೀನಿ, ಮುಖ ನೋಡಲ್ಲ." ನನ್ನ ಕೈಯಲ್ಲಿ ಜೋಳದ ಗಂಜಿ ಇತ್ತು. ನಾನು ಗಂಜಿ ಕುಡಿದೆ.

ಅವಳನ್ನು ತಡೆಯಿರಿ ಎಂದು ನಿಮಗೆ ಫೋನು ಮಾಡಿದವನು ನಾನು. "ಕಾಲುದಾರಿಯಲ್ಲಿ ನಾನೇ ಜೊತೆಗೆ ಕರಕೊಂಡು ಬರ್ತೀನಿ ಬೀಗರೇ" ಅಂದಿರಿ. "ಬೇಡ, ನಾಳೆ ದೊಡ್ಡವರು ಗೇಟಿನಲ್ಲೇ ಸಭೆ ಸೇರ್ತಾರೆ, ತೆರೆದೇ ತೆರೀತಾರೆ. ಸೋಮವಾರ ಮುದ್ರೆ ಹಾಕಿಸ್ಕೊಂಡು ಮರ್ಯಾದೆಯಿಂದ ಬರಲಿ" ಅಂದೆ. ಗಡಿ ಕಾವಲಿನವರ ಗುಂಡಿನ ಭಯಕ್ಕಲ್ಲ, ಮುದ್ರೆಯ ನಂಬಿಕೆಗೆ. ಗೇಟು ತೆರೆಯಲಿಲ್ಲ. ಎಸ್ತೇರಿ ಶನಿವಾರವೇ ಹೋದಳು. ಮಗಳು ತಂದೆಯನ್ನು ದ್ವೇಷಿಸದಿರಲಿ ಅಂತ ನೀವು ತಪ್ಪನ್ನು ನಿಮ್ಮ ಮೇಲೆ ಎಳೆದುಕೊಂಡಿರಿ, ನನಗೂ ಹೇಳಲಿಲ್ಲ.

ಈ ಭಾಗವನ್ನು ಅವಳ ಕೈಗೇ ಕೊಡಿ, ಅವಳೇ ಓದಲಿ. ಅಪ್ಪನ ಮುಖ ನೋಡುವ ಮನಸ್ಸಿದ್ದರೆ ಬುಧವಾರ ಸಂಜೆ ಆ ಗುಡ್ಡದ ಮೇಲೆ ಹೊಗೆ ಹಾಕಲಿ, ಇಲ್ಲಿಂದ ಕಾಣುತ್ತದೆ. ಹಾಕದಿದ್ದರೂ ಗುರುವಾರ ಬರುತ್ತೇನೆ. ಕಡಸಿನ ಹಗ್ಗವನ್ನು ಗೇಟಿನಾಚೆ ನಿಮ್ಮ ಕೈಗಿಟ್ಟು, ನಿಂತು ನಮಸ್ಕಾರ ಮಾಡಿ, ಹಿಂದಿರುಗುತ್ತೇನೆ. ಚೀಟಿ ಆಗದಿದ್ದರೆ ಕಡಸು ಕಾಯುತ್ತದೆ. ನಾನು ಕಾಯುವುದಿಲ್ಲ.