ಅಕಾಯಿತಿ ಪೋಣಿಸಿದ ಸರ

ಅತಿಯು ದ್ವೀಪ
೧೪ ಆಗಸ್ಟ್ ೧೯೯೬

ಪ್ರೀತಿಯ ತೆಪಾಯೆರು ದೊಡ್ಡಮ್ಮನಿಗೆ,

ಕುರಾಳ ನಮಸ್ಕಾರ. ಅಮ್ಮ ಹೋಗಿ ಎರಡು ತಿಂಗಳಾಯಿತು. ಫೋನಿನಲ್ಲಿ ಸುದ್ದಿ ಮುಟ್ಟಿಸಿದ್ದು ಬಿಟ್ಟರೆ ನಿಮಗೆ ಒಂದು ಸಾಲೂ ಬರೆಯಲಿಲ್ಲ, ತಪ್ಪು ತಿಳಿಯಬೇಡಿ. ಬರೆಯಲು ಕೂತಾಗೆಲ್ಲ ಇನಾ ಏಳುತ್ತಾಳೆ. ಏಳದಿದ್ದರೆ ಯಾಕೆ ಎದ್ದಿಲ್ಲ ಎಂದು ನಾನೇ ಹೋಗಿ ಅವಳ ಮೂಗಿನ ಬಳಿ ಬೆರಳು ಹಿಡಿಯುತ್ತೇನೆ. ಆಗ ಏಳುತ್ತಾಳೆ. ಐದು ತಿಂಗಳ ಮಗುವಿಗೂ ನನಗೂ ದಿನ ಹೀಗೆ ಕಳೆಯುತ್ತದೆ. ನಿಮ್ಮ ಮೊಣಕಾಲು ಹೇಗಿದೆ? ಈ ಸಲದ ಚಳಿಗಾಲಕ್ಕೆ ನಿಮ್ಮ ಟೋಕೊರೊವಾದಲ್ಲಿ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟುತ್ತಿದೆ ಎಂದು ತುವಾನೆ ಅಣ್ಣ ಹೇಳಿದ. ಡಾಕ್ಟರು ವಿಮಾನ ಹತ್ತಬೇಡಿ ಎಂದ ಮೇಲೆ ನೀವು ಬರದೆ ಇದ್ದದ್ದೇ ಒಳ್ಳೆಯದಾಯಿತು. ಇಲ್ಲಿ ಯಾರೂ ಏನೂ ಅಂದುಕೊಂಡಿಲ್ಲ.

ಅಮ್ಮನನ್ನು ಅಂಗಳದಲ್ಲಿ ಅಪ್ಪನ ಪಕ್ಕದಲ್ಲೇ ಮಣ್ಣು ಮಾಡಿದೆವು. ನೀವು ಅಣ್ಣನ ಕೈಯಲ್ಲಿ ಕಳಿಸಿದ ನೀಲಿ ಕೌದಿಯನ್ನು ಅವಳ ಮೈಗೆ ಸುತ್ತಿದ್ದೆವು. ಊರಿನವರು ತಂದ ಕೌದಿಗಳನ್ನು ಗುಂಡಿಯಲ್ಲಿ ಹಾಸುತ್ತಾ ಹೋದರು. ಪಾದ್ರಿಗಳು ಬಗ್ಗಿ ನೋಡಿ, "ಇನ್ನೂ ಹಾಸಿದರೆ ಪೆಟ್ಟಿಗೆಗೆ ಜಾಗ ಎಲ್ಲಿದೆ?" ಎಂದರು. ಮೆರೆ ಅತ್ತೆ ಬಿಡಲಿಲ್ಲ. "ಹುಟ್ಟಿದಾಗಿಂದ ಚಾಪೆ ಮೇಲೆ ಮಲಗಿದೋಳು ಪಾದ್ರಿಗಳೇ. ಕೌದಿ ಎಲ್ಲಾ ಬೇರೆಯೋರಿಗೆ ಹೊಲಿದು ಕೊಟ್ಲು. ಇವತ್ತಾದ್ರೂ ಮೆತ್ತಗೆ ಮಲಗ್ಲಿ." ಜನ ನಕ್ಕರು. ಪಾದ್ರಿಗಳೂ ನಕ್ಕರು.

ಊಟವಾದ ಮೇಲೆ ಒಬ್ಬೊಬ್ಬರೇ ಎದ್ದು ಅಮ್ಮನ ಕಥೆ ಹೇಳಿದರು. ಅರ್ಧಕ್ಕರ್ಧ ಕಥೆಗಳಲ್ಲಿ ನೀವೂ ಇದ್ದಿರಿ. ಭಾನುವಾರ ಚರ್ಚು ತಪ್ಪಿಸಿ ಮೀನು ಹಿಡಿಯಲು ಹೋಗಿ ಸಿಕ್ಕಿಬಿದ್ದದ್ದು, ಕಿತ್ತಳೆ ಒಯ್ಯುವ ಹಡಗು ಬರುತ್ತಿದ್ದ ಕಾಲದಲ್ಲಿ ಹಣ್ಣಿನ ಪೆಟ್ಟಿಗೆಗೆ ಮೊಳೆ ಹೊಡೆಯುವ ಪಂದ್ಯದಲ್ಲಿ ನೀವಿಬ್ಬರೂ ಗಂಡಸರನ್ನು ಸೋಲಿಸಿದ್ದು, ನಿಮ್ಮ ಮದುವೆಯ ದಿನ ಅಮ್ಮ ತನ್ನ ಚಪ್ಪಲಿಗಳನ್ನು ನಿಮಗೆ ಕೊಟ್ಟು ಬರಿಗಾಲಲ್ಲಿ ಹವಳದ ಕಲ್ಲಿನ ಮೇಲೆ ನಡೆದು ಬಂದದ್ದು. ಕೊನೆಗೆ ತುವಾನೆ ಅಣ್ಣ ಎದ್ದ. "ನನ್ನನ್ನ ಇವಳು ಹೆತ್ತಳು, ಮಕ್ಕಳಿಲ್ಲದ ಗೆಳತಿ ಮಡಿಲಿಗೆ ಹಾಕಿದಳು. ಪಕ್ಕದ ಮನೆಯಿಂದ ದಿನಾ ಬೇಲಿ ಹತ್ರ ಬಂದು, 'ತೆಪಾಯೆರು, ನಿನ್ನ ಮಗ ಉಂಡನೇನೆ?' ಅಂತ ಕೇಳ್ತಿದ್ದಳು. ಒಂದು ಸಲಾನೂ ನನ್ನ ಮಗ ಅನ್ನಲಿಲ್ಲ," ಎಂದು ಕೂತುಬಿಟ್ಟ. ಹೀಗೆ ಮಗು ಕೊಡುವುದು ನಮ್ಮಲ್ಲಿ ಹೊಸದಲ್ಲ.

ಆ ಮಾತಿನಿಂದಲೇ ಇನಾಳ ವಿಷಯವೂ ಶುರುವಾಯಿತು. ಪಾತ್ರೆ ತೊಳೆಯುವ ಕಡೆ ಮೆರೆ ಅತ್ತೆ ನನ್ನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು.

"ಕಣ್ಣು ನೋಡ್ಕೊಂಡಿದೀಯಾ ಮಗಳೇ? ಸುಟ್ಟ ತೆಂಗಿನ ಚಿಪ್ಪಿನ ಹಂಗಾಗಿವೆ."

"ಎಲ್ಲರ ಮನೆ ಮಕ್ಕಳೂ ಅಳ್ತವೆ ಅತ್ತೆ."

"ಮಗು ಅಳೋದು ಇರ್ಲಿ. ಅದು ಸುಮ್ನಿದ್ರೂ ನೀನು ಅಳ್ತೀಯಲ್ಲ. ತುವಾನೆ ಜೊತೆ ಕಳ್ಸಿಬಿಡು, ತೆಪಾಯೆರು ಬೆಳೆಸ್ಕೊಳ್ತಾಳೆ. ನಿಮ್ಮಮ್ಮನ ಮನಸ್ಸಲ್ಲೂ ಅದೇ ಇತ್ತು."

"ಅಮ್ಮ ನಿಮಗೆ ಹೇಳಿದ್ಲಾ?"

"ಬಾಯಿ ಬಿಟ್ಟು ಹೇಳಬೇಕಾ? ಇನಾಗೆ ಅಂತ ನಮ್ಮ ಕೈಲಿ ಹೊಲಿಸ್ತಿದ್ದ ಕೌದಿಗೆ ಯಾಕೆ ಅಸ್ತರು ಹಾಕ್ಸಿದ್ಲು? ಅತಿಯುನಲ್ಲಿ ಬೆಳೆಯೋ ಮಗೂಗೆ ಅಷ್ಟು ದಪ್ಪ ಕೌದಿ ಯಾವಳು ಹೊಲೀತಾಳೆ? ಅದು ಟೋಕೊರೊವಾಗೆ ಹೊಲಿದಿದ್ದು."

ನಾನು ಸುವಾದ ಕಾಲೇಜಿನಲ್ಲಿ ಓದಿದವಳು, ಶಾಲೆಯಲ್ಲಿ ಪಾಠ ಹೇಳುವವಳು. ಆದರೂ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದೆ. ನನ್ನ ಗಂಡ ರುವಾ, "ನೀನು ಹೇಗೆ ಅಂದ್ರೆ ಹಾಗೆ," ಎಂದು ಕೆಸುವಿನ ಗದ್ದೆಗೆ ಹೋದ. ತುವಾನೆ ಅಣ್ಣ ಮಾತ್ರ, "ಮಗು ಬರೋದಾದ್ರೆ ನಮ್ಮಮ್ಮ ಹೇಳ್ಬೇಕು. ಕ್ರಿಸ್ಮಸ್‌ಗೆ ಬರ್ತೀನಲ್ಲ, ಆಗ ನೋಡೋಣ," ಎಂದು ಹೋದ. ಅವನು ನಮ್ಮಮ್ಮ ಎಂದದ್ದು ನಿಮ್ಮನ್ನು.

ಈಗ ಕೌದಿಯ ವಿಷಯ. ಹೊಲಿಯುವ ಹೆಂಗಸರ ಪರವಾಗಿ ಬರೆಯಲು ನನಗೆ ಹೇಳಿದ್ದಾರೆ, ಬರೆಯುತ್ತಿದ್ದೇನೆ. ಅದು ನಿಮ್ಮ ತಾಯಿಯ ಹೂವಿನ ಮಾದರಿ. ಗುಂಪಿನ ಹಿರಿಯಳಾದ್ದರಿಂದ ಬಟ್ಟೆಯ ತುಂಡುಗಳನ್ನು ಬಣ್ಣದ ಕ್ರಮದಲ್ಲಿ ದಾರಕ್ಕೆ ಪೋಣಿಸಿ ಒಬ್ಬೊಬ್ಬರಿಗೆ ಒಂದೊಂದು ಸರ ಕೊಡುವುದು ಅಮ್ಮನ ಕೆಲಸವಾಗಿತ್ತು. ಸರದಿಂದ ಯಾವ ತುಂಡು ಮೊದಲು ಬರುತ್ತದೋ ಅದನ್ನು ಮೊದಲು ಹೊಲಿಯಬೇಕು. ಈಸ್ಟರ್ ಆದಾಗಿನಿಂದ ಅಮ್ಮನ ಸರಗಳಲ್ಲಿ ಕ್ರಮ ತಪ್ಪಿತ್ತಂತೆ. ಹಳದಿ ಬರಬೇಕಾದಲ್ಲಿ ಹಸಿರು, ಹಸಿರಿನ ಜಾಗದಲ್ಲಿ ಮತ್ತೆ ಕೆಂಪು. ಹೆಂಗಸರಿಗೆಲ್ಲ ಗೊತ್ತಿತ್ತು, ನನಗೆ ಮಾತ್ರ ಗೊತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ಪಕ್ಕದ ಮನೆಯ ತೀನಾಳನ್ನು ಕೇಳಿದೆ.

"ಸರ ಕೊಟ್ಟೋಳು ಎದುರಿಗೇ ಕೂತಿರೋವಾಗ ಸರ ತಪ್ಪು ಅಂತ ಯಾರಾದ್ರೂ ಅಂತಾರಾ? ಕೊಟ್ಲು, ಹೊಲಿದ್ವಿ," ಎಂದಳು.

ಈಗ ಜಗಲಿಯಲ್ಲಿ ಅದನ್ನು ಹರಡಿದ್ದಾರೆ. ಒಂದು ಅಂಚಿನಿಂದ ಹೂಗಳು ಸರಿಯಾಗಿ ಅರಳಿಕೊಂಡು ಬರುತ್ತವೆ. ನಡುವೆ ಎಸಳುಗಳು ತೊಟ್ಟು ಬಿಡುತ್ತವೆ. ಆಮೇಲೆ ಹೂ ಇಲ್ಲ, ಬಣ್ಣಗಳಷ್ಟೇ ಇವೆ. ಅಲ್ಲಿಂದ ಮುಂದಕ್ಕೆ ಬಿಚ್ಚಿ ಹೊಲಿಯಬೇಕು, ಸರಿಯಾದ ಸರ ಗೊತ್ತಿರುವುದು ಇನ್ನು ನಿಮಗೊಬ್ಬರಿಗೇ, ಆದ್ದರಿಂದ ಒಂದು ಸರ ಪೋಣಿಸಿ ಟಪಾಲಿನಲ್ಲಿ ಕಳಿಸಬೇಕೆಂದು ಅವರ ಕೋರಿಕೆ. ಅವರ ಮಾತು ಇಷ್ಟು.

ನನ್ನ ಮಾತು ಬೇರೆ. ಕಳಿಸಬೇಡಿ, ದೊಡ್ಡಮ್ಮ. ಅಮ್ಮ ಪೋಣಿಸಿಟ್ಟ ಸರಗಳು ಬುಟ್ಟಿಯಲ್ಲಿ ಇನ್ನೂ ಇವೆ. ಅವು ಇದ್ದ ಹಾಗೆಯೇ ಹೊಲಿದು ಮುಗಿಸಿ ಎಂದು ಹೋದ ಬುಧವಾರ ಅವರಿಗೆ ಹೇಳಿದೆ.

"ಸೊಟ್ಟ ಕೌದಿ ಹೊದಿಸಿದ್ರೆ ಮಗು ಸೊಟ್ಟಗೆ ಬೆಳೆಯುತ್ತೆ," ಎಂದಳು ಮೆರೆ ಅತ್ತೆ.

"ಬೆಳೀಲಿ ಅತ್ತೆ."

"ಇವಳನ್ನ ಓದೋಕೆ ಕಳಿಸಿದ್ದೇ ತಪ್ಪು," ಎಂದು ಸೂಜಿಗೆ ದಾರ ಹಾಕಿಕೊಂಡಳು. ಆದರೆ ಹೊಲಿದದ್ದು ಅಮ್ಮನ ಸರವನ್ನೇ.

ಬೇರೆ ಸುದ್ದಿ ಹೆಚ್ಚಿಲ್ಲ. ಮಳೆ ಕಡಿಮೆ, ಕೆಸು ಪರವಾಗಿಲ್ಲ. ನಿಮ್ಮ ಹಳೆಯ ಮನೆಯ ಹಿಂದಿನ ಮಾವಿನ ಮರ ಹೂ ಬಿಟ್ಟಿದೆ, ಹಣ್ಣು ಉದುರಿದಾಗ ಹಂದಿಗಳಿಗೆ ಹಬ್ಬ. ಶುಕ್ರವಾರದ ವಿಮಾನಕ್ಕೆ ಈ ಕಾಗದ ಹೋಗಬೇಕು. ನಿಮ್ಮ ಕಾಲಿಗೆ ಬಲ ಬರಲಿ, ಚಳಿ ಬೇಗ ಮುಗಿಯಲಿ ಎಂದು ದೇವರನ್ನು ಬೇಡುತ್ತೇನೆ. ಇನಾಳ ತಲೆಯ ಮೇಲೆ ನಿಮ್ಮ ಹರಕೆ ಇರಲಿ, ನನ್ನ ಮೇಲೂ ಇರಲಿ.

ನಿಮ್ಮ
ಕುರಾ

ಮರೆತ ಮಾತು: ಮೇಲಿನದನ್ನು ತುವಾನೆ ಅಣ್ಣ ನಿಮಗೆ ಓದಿ ಹೇಳಲಿ. ಇದನ್ನು ಕನ್ನಡಕ ಹಾಕಿಕೊಂಡು ನೀವೇ ಓದಿಕೊಳ್ಳಿ.

ಕೊನೆಯ ವಾರಗಳಲ್ಲಿ ಅಮ್ಮನಿಗೆ ನಾನು ಯಾರೆಂದು ತಿಳಿಯುತ್ತಿರಲಿಲ್ಲ. ನನ್ನನ್ನು ನೀವೆಂದುಕೊಂಡಿದ್ದಳು. "ಬಂದ್ಯೇನೆ ತೆಪಾಯೆರು, ಹಡಗು ಇಷ್ಟು ತಡಾನಾ?" ಎನ್ನುತ್ತಿದ್ದಳು. ಮೊದಮೊದಲು ನಾನು ಕುರಾ ಎಂದೆ. ಆಗ ಅವಳು ಹೊರಗಿನವರ ಹತ್ತಿರ ಮಾತಾಡುವಷ್ಟು ಮರ್ಯಾದೆಯಿಂದ, "ಯಾರ ಮಗಳಮ್ಮ ನೀವು?" ಎಂದು ಕೇಳಿದಳು. ಆಮೇಲೆ ನಾನು ಹೇಳುವುದನ್ನು ಬಿಟ್ಟೆ. ನೀವಾಗಿಯೇ ಗಂಜಿ ಕುಡಿಸಿದೆ, ನೀವಾಗಿಯೇ ತಲೆ ಬಾಚಿದೆ.

ಒಂದು ಮಧ್ಯಾಹ್ನ ಸರ ಪೋಣಿಸುತ್ತಿದ್ದವಳು ಕೈ ನಿಲ್ಲಿಸಿದಳು. "ನನ್ನ ಮಗಳಿಗೆ ಮಗು ಕಂಡ್ರೆ ಭಯ ಕಣೆ. ನಿದ್ದೆ ಮಾಡಲ್ಲ. ಓದಿದೋಳು, ಕೇಳಿದ್ರೆ ಬಾಯಿ ಬಿಡಲ್ಲ. ಆಗ ನಿನಗೊಬ್ಬನ್ನ ಕೊಟ್ಟೆ. ಈಗ ಇದನ್ನೂ ತಗೊಂಡು ಹೋಗ್ತೀಯಾ? ಚಳಿಗೆ ಅಂತ ಅಸ್ತರು ಹಾಕ್ಸಿದೀನಿ."

ಮೆರೆ ಅತ್ತೆ ಹೇಳಿದ್ದು ಸುಳ್ಳಲ್ಲ, ದೊಡ್ಡಮ್ಮ.

ಇನಾ ನನ್ನ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ನಿಮ್ಮ ಹಾಗೆ ಮಾತಾಡುವುದು ಅಷ್ಟು ಹೊತ್ತಿಗೆ ನನಗೆ ಅಭ್ಯಾಸವಾಗಿತ್ತು. "ಬೇಡ ಕಣೆ ಅಕಾಯಿತಿ," ಎಂದೆ. "ತಾಯಿ ಹತ್ರಾನೇ ಇರ್ಲಿ. ಕಲೀತಾಳೆ."

"ನೀನು ನೋಡಿದೀಯಾ ಅವಳನ್ನ?"

"ನೋಡಿದೀನಿ."

"ಹಂಗಾದ್ರೆ ಸರಿ. ನೀನು ಹೇಳಿದ್ಮೇಲೆ ಮುಗೀತು," ಎಂದು ಮುಂದಿನ ತುಂಡನ್ನು ದಾರಕ್ಕೆ ಏರಿಸಿದಳು. ಹಸಿರು ತುಂಡು.

ಅಮ್ಮ ಒಪ್ಪಿದ್ದು ನಿಮ್ಮ ಮಾತಿಗೆ, ನನ್ನ ಮಾತಿಗಲ್ಲ. ನೀವೇ ಇದ್ದಿದ್ದರೆ ಏನು ಹೇಳುತ್ತಿದ್ದಿರಿ? ಅಣ್ಣ ಕ್ರಿಸ್ಮಸ್‌ಗೆ ಹೊರಡುವ ಮುಂಚೆ ತಿಳಿಸಿ.