ಪಬಾಸದ ನಡುವೆ ಒಂದು ಪರೀಕ್ಷೆ

ಮಾರ್ಚ್ 18, ಸೋಮವಾರ

ಮತ್ತೆ ಓದಿನ ಪರೀಕ್ಷೆ. ಐದನೇ ತರಗತಿಯ ದಾಲಿಸಾಯ್ ಎರಡು ಸಾಲು ಓದಿ ಪುಸ್ತಕ ಮುಚ್ಚಿದಳು. ಇಂಗ್ಲಿಷ್ ಪಾಠ. ಹಿಮದ ಮೇಲೆ ಜಾರುವ ಕರಡಿ.

"ಮುಂದೆ ಓದೇ."

"ಸಾಕು ಮೇಡಂ. ಕರಡಿ ಬಿದ್ರೆ ಬೀಳ್ಲಿ ಬಿಡಿ."

ತರಗತಿಯೆಲ್ಲ ನಕ್ಕಿತು. ನನಗೆ ನಗು ಬರಲಿಲ್ಲ. ಮಕ್ಕಳ ಓದು, ಛಲದ ಬಗ್ಗೆ ಬರೆಯುತ್ತಿರುವ ನನ್ನ ಥೀಸಿಸ್‌ಗೆ ಬರೆದುಕೊಂಡೆ — ಆಸಕ್ತಿ ಇಲ್ಲ, ಛಲವೂ ಇಲ್ಲ. ಅದಕ್ಕೇ ಓದು ಹಿಂದೆ.

ಮಾರ್ಚ್ 27, ಬುಧವಾರ, ಸಂಜೆ

ಇವತ್ತು ನಾನು ಮಾಡಿದ್ದನ್ನು ಬರೆದಿಡಬೇಕು.

ಮಧ್ಯಾಹ್ನ ಬೀದಿಯ ಚಾಪೆಲ್‌ನಲ್ಲಿ ಪಬಾಸ, ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಓದು. ಯೇಸು ಪಟ್ಟ ಪಾಡನ್ನು ರಾಗವಾಗಿ ಓದುತ್ತಲೇ ಇರಬೇಕು, ನಡುವೆ ದನಿ ಕಡಿಯಬಾರದು. ಓದುವವರಿಗೆಂದು ಶುಂಠಿ ಕಷಾಯ ಹಿಡಿದು ಒಳಗೆ ಹೋದರೆ ಮೈಕ್ ಮುಂದೆ ದಾಲಿಸಾಯ್! ನಮ್ಮದೇ ಭಾಷೆ, ಆದರೆ ಹಳೆಯ ತಗಾಲೊಗ್, ನನಗೇ ತೊಡರುವ ಪದಗಳು. ಕೂತು ಕೇಳಿದೆ. ಒಂದು ಗುಟುಕು ನೀರೂ ಕುಡಿಯಲಿಲ್ಲ ಹುಡುಗಿ.

ಬಾಯಿಪಾಠವಿರಬೇಕು ಅನ್ನಿಸಿತು. ಎದ್ದು ಹೋಗಿ, ಅವಳ ಮುಂದಿನ ಪುಸ್ತಕದ ಹಾಳೆಗಳನ್ನು ಮಗುಚಿ ಬೆರಳಿಟ್ಟೆ.

"ಇಲ್ಲಿಂದ ಓದು, ನೋಡೋಣ."

ದನಿ ನಿಂತಿತು. ಮೈಕ್‌ನಲ್ಲಿ ಫ್ಯಾನಿನ ಸದ್ದು ಮಾತ್ರ. ಆಮೇಲೆ ನಾನು ತೋರಿಸಿದಲ್ಲಿಂದಲೇ ಓದಿದಳು. ಒಂದೂ ತಪ್ಪಿಲ್ಲ. ಅಳುತ್ತ.

ಅವಳ ಅಜ್ಜಿ, ಲೋಲಾ ಉರ್ಸಿಂಗ್, ನನ್ನ ದನಿ ಬಂದತ್ತ ಮುಖ ತಿರುಗಿಸಿದರು. "ಯಾರಮ್ಮಾ ಅದು, ಪಬಾಸದಲ್ಲೂ ಮಾರ್ಕ್ಸ್ ಹಾಕೋಳು? ನನ್ನ ಕಣ್ಣಿನ ಆಪರೇಶನ್ ಸರಿಹೋಗ್ಲಿ ಅಂತ ಹರಕೆ ಹೊತ್ತು ಕೂತಿತ್ತು ಮಗು. ಕತ್ತಲಾಗೋವರೆಗೂ ನಿಲ್ಸಲ್ಲ ಅಂತ."

ಈ ಊರಲ್ಲೇ ಹುಟ್ಟಿದವಳು ನಾನು. ನಿಯಮ ಗೊತ್ತಿರಲಿಲ್ಲವೇ…

ಮಾರ್ಚ್ 30, ಶನಿವಾರ

ಕ್ಷಮೆ ಕೇಳಲು ದಾಲಿಸಾಯ್ ಮನೆಗೆ ಹೊರಟೆ. ಗೇಟಿನವರೆಗೆ ಮಾತ್ರ. ಒಳಗೆ ಅವಳ ದನಿ ಕೇಳಿ ಹಿಂದಿರುಗಿದೆ. ಮನೆಗೆ ಬಂದು ಕವಿತೆಗಳ ಪುಸ್ತಕ ತೆರೆದೆ. ನಾನು ಓದುತ್ತಿರುವಾಗ ಯಾರಾದರೂ ಹೀಗೆ ಹಾಳೆ ಮಗುಚಿದ್ದರೆ? ಮುಚ್ಚಿಟ್ಟೆ.

ಏಪ್ರಿಲ್ 4, ಗುರುವಾರ, ಆಸ್ಪತ್ರೆ

ನಿನ್ನೆ ಲೋಲಾ ಉರ್ಸಿಂಗ್ ಅವರ ಆಪರೇಶನ್ ಆಯಿತಂತೆ. ಈಗ ಕಣ್ಣಿನ ಪಟ್ಟಿ ಬಿಚ್ಚುತ್ತಾರೆ. ಹೊರಗೆ ಬೆಂಚಿನ ಮೇಲೆ ದಾಲಿಸಾಯ್. ಪಕ್ಕದಲ್ಲಿ ಕೂತೆ.

"ತಪ್ಪಾಯ್ತು ಮಗಳೇ."

"ಮೇಡಂ, ಮಧ್ಯೆ ನಿಂತು ಮತ್ತೆ ಶುರುಮಾಡಿದ್ರೆ, ಅದು ಪೂರ್ತಿ ಓದಿದ ಹಾಗೇನಾ?"

ಛಲದ ಬಗ್ಗೆ ನೂರು ಪುಟ ಬರೆದವಳು ನಾನು. ಅವಳ ಕೈ ಹಿಡಿದುಕೊಂಡೆ.

"ಅಜ್ಜಿಗೆ ಕಾಣ್ಸದಿದ್ರೆ ನನ್ನಿಂದ್ಲೇ ಅಲ್ವಾ?"

"ಅಲ್ಲ. ನನ್ನಿಂದ."

ನಂಬಲಿಲ್ಲ ಅವಳು. ನರ್ಸ್ ಕರೆದರು, ಓಡಿದಳು. ನಾನು ಇಲ್ಲೇ ಕೂತು ಬರೆಯುತ್ತಿದ್ದೇನೆ, ಬಾಗಿಲಿನತ್ತ ನೋಡಲಾರದೆ. ಒಳಗೆ ನರ್ಸ್ ಕೇಳುತ್ತಿದ್ದಾರೆ — "ನಿಮ್ಮೆದುರಿಗೆ ಯಾರು ನಿಂತಿದಾರೆ ಹೇಳಿ, ಅಜ್ಜಿ?"

ಲೋಲಾ ಇನ್ನೂ… ಇಲ್ಲ, ಪೆನ್ನು ಇಡುತ್ತೇನೆ; ಉತ್ತರ ಏನೇ ಇರಲಿ, ದಾಲಿಸಾಯ್ ಪಕ್ಕದಲ್ಲಿ ನಿಂತು ಕೇಳಬೇಕು.