ಆಯುಧಪೂಜೆಗೆ ಕೂತ ಸರ್ವರ್

ಸೆಪ್ಟೆಂಬರ್ 27, ಶನಿವಾರ

ಎಂದಿನಂತೆ ತಂಗಿ ತನ್ಮಯಿ ಸ್ನಾನಕ್ಕೆ ಹೋದಾಗ ಗೀಸರ್ ಆಫ್ ಮಾಡಿದೆ. ಎಂದಿನಂತೆ ಕಿರುಚಿದಳು. ಹಾಲ್‌ನಲ್ಲಿರುವ ನನ್ನ ಸರ್ವರ್ ಡಬ್ಬಿಯ ಅಪ್ಪಣೆಯಿಲ್ಲದೆ ಈ ಬನಶಂಕರಿ ಮನೆಯಲ್ಲಿ ಒಂದು ಬಲ್ಬೂ ಉರಿಯದು. ಇಂದು ನನ್ನ ರೂಮಿನ ಚಿಲಕ ಕಿತ್ತು, ಎಲೆಕ್ಟ್ರಿಕ್ ಲಾಕ್ ಪ್ರತಿಷ್ಠಾಪನೆ. ಒಳಗಿನಿಂದಾಗಲಿ ಹೊರಗಿನಿಂದಾಗಲಿ, ನನ್ನ ಫೋನಿನ ಬಟನ್ ಒತ್ತಿದರೆ ಮಾತ್ರ ತೆರೆಯುತ್ತದೆ. ಕೀಲಿಕೈ? ಅದು ಪ್ರಜೆಗಳಿಗೆ.

ಅಕ್ಟೋಬರ್ 1, ಬುಧವಾರ. ಆಯುಧಪೂಜೆ. ಬೆಳಿಗ್ಗೆ

ಬಾಗಿಲು ತೆರೆಯುತ್ತಿಲ್ಲ. ‘ಸರ್ವರ್ ಸಿಗುತ್ತಿಲ್ಲ’ — ಫೋನಿನದು ಒಂದೇ ರಾಗ. ಯೂಟ್ಯೂಬ್ ಮಾತ್ರ ಸೊಗಸಾಗಿ ಓಡುತ್ತಿದೆ. ಕೂಗಿದೆ. ಬಾಗಿಲಾಚೆ ಅಲಮೇಲು ಅಜ್ಜಿ ಬಂದರು.

“ನಿನ್ನ ಡಬ್ಬಿ, ಆ ವೈಫೈದು, ಎರಡೂ ಒರೆಸಿ ಪೂಜೆಗಿಟ್ಟಿದೀನಿ ಕಣೋ. ಮತ್ತೆ ಕರೆಂಟೂ ಕೊಟ್ಟಿದೀವಿ. ದೀಪ ಉರೀತಿದೆ, ಲಕ್ಷಣವಾಗಿದೆ.”

“ಒಂದ್ಸಲ ಆಫ್ ಮಾಡಿ ಆನ್ ಮಾಡಜ್ಜಿ!”

“ನಾಳೆ ಪುನಃಪೂಜೆ ಆಗೋವರೆಗೂ ಮುಟ್ಟೋ ಹಾಗಿಲ್ಲ.”

“ಸಖತ್ ಪೂಜೆ ಅಜ್ಜಿ!” — ಇದು ತನ್ಮಯಿ.

ಅಪ್ಪ ಕಾರ್ಪೆಂಟರ್ ಬೈರಣ್ಣನಿಗೆ ಫೋನ್ ಮಾಡಿದರು. “ಉಳಿ, ಸುತ್ತಿಗೆ ಎಲ್ಲಾ ಪೂಜೇಲವೆ ಸಾರ್. ನಾಳೆ ಬರ್ತೀನಿ.” ನಮ್ಮ ಸ್ಕ್ರೂಡ್ರೈವರಿಗೂ ಕುಂಕುಮ. ನನ್ನನ್ನು ಬಿಡಿಸಬಲ್ಲ ಸಕಲ ಆಯುಧಗಳೂ ಇಂದು ದೇವರು.

ಮಧ್ಯಾಹ್ನ

ಕಿಟಕಿ ಸರಳಿನ ಸಂದಿಯಿಂದ ಒಬ್ಬಟ್ಟು ಬಂತು. ಅಟ್ಯಾಚ್ಡ್ ಬಾತ್‌ರೂಮ್ ಪೂರ್ವಜನ್ಮದ ಪುಣ್ಯ. ಆ್ಯಪ್ ತೆಗೆದು ಮತ್ತೆ ಹಾಕಿದೆ. ಸರ್ವರ್ ಅಡ್ರೆಸ್ ಬ್ರೌಸರ್‌ನಲ್ಲೇ ಹೊಡೆದೆ. ಫೋನ್ ರೀಸ್ಟಾರ್ಟ್. ಏನೂ ಇಲ್ಲ. ಲ್ಯಾಪ್‌ಟಾಪ್? ಪೂಜೆಯಲ್ಲಿ.

ತಮಾಷೆ ಸಾಕು. ಸಂಜೆ ಸಮನ್ವಿತಾ ಅವಳ ಅಮ್ಮನ ಜೊತೆ ಗೊಂಬೆ ನೋಡಲು ಬರುತ್ತಾಳೆ. ನನ್ನ ಕ್ಲಾಸ್‌ಮೇಟ್. ಶುಕ್ರವಾರ ಪುಣೆಗೆ ಹೊರಡುತ್ತಾಳೆ, ಓದಲು. ಅಷ್ಟರೊಳಗೆ ಒಂದು ಮಾತು ಎದುರಿಗೇ ಹೇಳಬೇಕು. ಫೋನಿನಲ್ಲಿ ನಾನು ಏನು ಹೇಳಿದರೂ ಜೋಕ್ ಅನ್ನುತ್ತಾಳೆ…

ಸಂಜೆ

ಬಂದರು. ತನ್ಮಯಿ ಅವಳನ್ನು ನೇರ ನನ್ನ ಬಾಗಿಲಿಗೇ ಕರೆತಂದಳು. “ಅಕ್ಕಾ, ಇಲ್ಲಿರೋದು ಪಟ್ಟದ ಗೊಂಬೆ. ಹೊರಗಿಂದಲೇ ಕೈ ಮುಗೀರಿ.” ನಗುತ್ತ ಓಡಿಹೋದಳು. ಸರ್ವರ್ ಸಿಗುತ್ತಿಲ್ಲ, ಯೂಟ್ಯೂಬ್ ಮಾತ್ರ ಓಡುತ್ತಿದೆ ಎಂದು ಒಳಗಿನಿಂದಲೇ ಸಮನ್ವಿತಾಗೆ ಹೇಳಿದೆ.

“ಮಯೂರ್, ಯಾವ ವೈಫೈನಲ್ಲಿದೀಯ ನೋಡು,” ಅಂದಳು ಸಮನ್ವಿತಾ.

ನೋಡಿದೆ. ಗೆಸ್ಟ್ ವೈಫೈ! ಬಂದವರಿಗೆ ಇಂಟರ್ನೆಟ್ ಸಿಗಲಿ, ಮನೆಯ ಸ್ವಿಚ್ಚುಗಳು ಸಿಗದಿರಲಿ ಎಂದು ನಾನೇ ಮಾಡಿಟ್ಟಿದ್ದು. ಅಜ್ಜಿ ಕರೆಂಟ್ ತೆಗೆದು ಕೊಟ್ಟಾಗ ಫೋನ್ ಹೋಗಿ ಅದಕ್ಕೆ ಅಂಟಿಕೊಂಡಿದೆ. ಬದಲಾಯಿಸಿದೆ. ಬಟನ್ ಹಸಿರಾಯಿತು.

“ಸಿಕ್ತಾ?”

“ಇಲ್ಲ,” ಎಂದೆ. ಬಾಗಿಲು ತೆರೆದರೆ ಮುಖ ನೋಡಿ ಮತ್ತೆ ಏನಾದರೂ ಕಿತಾಪತಿ ಮಾತಾಡಿಬಿಡುತ್ತೇನೆ. “ಪುಣೆಗೆ ಹೋಗು. ಆದ್ರೆ… ನೀನಂದ್ರೆ ನಂಗಿಷ್ಟ. ಅಷ್ಟೇ.”

ಬಾಗಿಲನ್ನು ಒಮ್ಮೆ ತಟ್ಟಿದಳು.

“ಇದೂ ಪ್ರ್ಯಾಂಕಾ?”

“ಅಲ್ಲ ಕಣೇ.”

“ತಡಿ. ಯೋಚ್ನೆ ಮಾಡ್ಬೇಕು.”

ಬಾಗಿಲಿಗೆ ಬೆನ್ನು ಕೊಟ್ಟು ಕೂತ ಸದ್ದು. ಕೈ ಸುಮ್ಮನಿರುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಈಗ ಬಟನ್ ಒತ್ತಿದರೆ ಬಾಗಿಲು ಒಳಕ್ಕೆ ತೆರೆದು, ಅಂಗಾತ ಬೀಳುತ್ತಾಳೆ. ಒತ್ತುವುದಿಲ್ಲ. ಬೇಕಾದರೆ ನಾಳೆಯವರೆಗೂ ಇಲ್ಲೇ ಇರುತ್ತೇನೆ. ಗಂಟಲು ಸರಿಮಾಡಿಕೊಂಡಳು. ಏನೋ ಹೇಳ್ತಾ—